ಮಣ್ಣಿನ ಪಂಡಿತ ಕಾರ್ಲ್ ಟರ್ಜಾಗಿ

ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡಗಳ ಎರೆ ಭೂಮಿಯಲ್ಲಿ ಮನೆ ಕಟ್ಟಿಸಿದವರಿಗೆ ಮಣ್ಣಿನ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ಆ ಮಣ್ಣು ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ. ಮೇಲಿನ ಗೋಡೆಯೂ ಬಿರಿಯುತ್ತದೆ. ನಮ್ಮ ಗೌಂಡಿಗಳು ಗರಸು ಹತ್ತುವವರೆಗೆ ಪಾಯ ಅಗೆಯುವುದು ಇದಕ್ಕಾಗಿಯೇ. ಅನುಭವದ ಇಂಥ ತಿಳಿವಳಿಕೆಗೆ ಲೆಕ್ಕದ ಬಲ ತಂದುಕೊಟ್ಟ ಮಹನೀಯರೊಬ್ಬರ ಜೀವನವನ್ನು ಇಲ್ಲಿ ನಿರೂಪಿಸಬಯಸುತ್ತೇನೆ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಗಣಿತದ ಗೋಜಿಗೆ ಹೋಗುವುದಿಲ್ಲ.

ಕಾರ್ಲ್ ಟರ್ಜಾಗಿಯವರು ೧೮೮೩ರ ಅಕ್ಟೋಬರ ೨ರಂದು ಪ್ರಾಗ್ ನಗರದಲ್ಲಿ ಸೈನ್ಯಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಓದಿದ್ದು ಯಂತ್ರಶಾಸ್ತ್ರ. ಮನಸ್ಸೆಲ್ಲ ಭೂಗರ್ಭಶಾಸ್ತ್ರದ ಕಡೆಗೆ. ಉಕ್ಕಿನ ಬಲವನ್ನು ಕರಾರುವಾಕ್ಕಾಗಿ ಎಣಿಸುತ್ತಿದ್ದ ಅಂದಿನ ಇಂಜಿನಿಯರರು, ಅದೆಲ್ಲವನ್ನೂ ಹೊರುವ ನೆಲದ ಮಟ್ಟಿಗೆ ಅಂದಾಜನ್ನೇ ನಂಬಿದ್ದರು. ನೆಲಕ್ಕೂ ಕಟ್ಟಡಕ್ಕೂ ನಡುವಿನ ನಿಯಮವನ್ನು ಹುಡುಕುತ್ತ ಟರ್ಜಾಗಿಯವರು ೧೯೧೨ರಲ್ಲಿ ಅಮೇರಿಕೆಗೆ ಹೋಗಿ ಅಣೆಕಟ್ಟಿನಿಂದ ಅಣೆಕಟ್ಟಿಗೆ ಅಲೆದರು. ನಿಯಮ ಸಿಗಲಿಲ್ಲ. ನಿರಾಶರಾಗಿ ಮರಳಿದರು.

೧೯೧೬ರಲ್ಲಿ ಇಸ್ತಾಂಬುಲದಲ್ಲಿ ಅಧ್ಯಾಪಕರಾದರು. ಮಹಾಯುದ್ಧ ಮುಗಿಯುತ್ತಲೇ ಆ ಕೆಲಸ ಹೋಯಿತು. ಅದೇ ಊರಿನ ರಾಬರ್ಟ್ ಕಾಲೇಜು ಆಶ್ರಯ ಕೊಟ್ಟಿತು. ಪ್ರಯೋಗಕ್ಕೆ ಉಪಕರಣಗಳೆಲ್ಲಿ? ಕಾಲೇಜಿನ ಕಸದ ರಾಶಿಯ ಸಾಮಾನು, ಸಿಗಾರಿನ ಖಾಲಿ ಪೆಟ್ಟಿಗೆ, ಇವುಗಳಿಂದಲೇ ಅವರು ಉಪಕರಣಗಳನ್ನು ಜೋಡಿಸಿಕೊಂಡರು. ಉಪಕರಣವಿಲ್ಲವೆಂದು ಕೈ ಕಟ್ಟಿ ಕೂಡ್ರುವ ನಾವು ಇದನ್ನು ಎರಡು ಸಲ ಓದಬೇಕು! ಬಳೆಯಂಥ ಪಾತ್ರೆಯಲ್ಲಿ ಜೇಡಿಮಣ್ಣನ್ನಿಟ್ಟು, ಮೇಲೆ ಭಾರ ಹೇರಿ, ಅದೆಷ್ಟು ಕುಗ್ಗುವುದೆಂದು ಅಳೆದರು. ಆಗ ಗುಟ್ಟು ಬಯಲಾಯಿತು. ಭಾರವನ್ನು ಮೊದಲು ಹೊರುವುದು ಕಣಗಳ ಸಂದಿನಲ್ಲಿರುವ ನೀರು. ಆ ನೀರು ಮೆಲ್ಲಮೆಲ್ಲನೆ ಜಿನುಗಿ ಹೋದಂತೆ ಭಾರ ಕಣಗಳ ಮೇಲೆ ಇಳಿಯುತ್ತದೆ, ನೆಲ ಕುಸಿಯುತ್ತದೆ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಒಟ್ಟು ಒತ್ತಡದಲ್ಲಿ ನೀರಿನ ಒತ್ತಡವನ್ನು ಕಳೆದರೆ ಉಳಿಯುವುದೇ ಮಣ್ಣಿನ ನಿಜವಾದ ಪಾಲು.

೧೯೨೫ರಲ್ಲಿ ಜರ್ಮನ್ ಭಾಷೆಯಲ್ಲಿ ಅವರ ಗ್ರಂಥ ಹೊರಬಿದ್ದಿತು. ಮಣ್ಣಿನ ಬಲವಿಜ್ಞಾನವೆಂಬ ಹೊಸ ಶಾಸ್ತ್ರ ನೆಲೆಗೊಂಡಿತು. ಅದೇ ವರ್ಷ ಅಮೇರಿಕೆಯ ಎಂ.ಐ.ಟಿ. ಸಂಸ್ಥೆ ಅವರನ್ನು ಬರಮಾಡಿಕೊಂಡಿತು. ಮುಂದೆ ವಿಯೆನ್ನಾ, ೧೯೩೮ರಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದ ಮೇಲೆ ಮತ್ತೆ ಅಮೇರಿಕೆ, ಹಾರ್ವರ್ಡ್.

ಮುಂಚಿನ ಪರೀಕ್ಷೆಯೊಂದೇ ಸಾಲದು, ಕಟ್ಟುತ್ತಿರುವಾಗಲೂ ನೆಲವನ್ನು ಅಳೆಯುತ್ತ ಯೋಜನೆಯನ್ನು ತಿದ್ದಿಕೊಳ್ಳಬೇಕೆಂಬುದು ಅವರ ಹಟ. ಕೆನಡಾದಲ್ಲಿ ಮೆತ್ತನೆಯ ಜೇಡಿಮಣ್ಣಿನ ಮೇಲೆ ಮಿಷನ್ ಅಣೆಕಟ್ಟನ್ನು ನಿಲ್ಲಿಸಿದ್ದು ಹೀಗೆ. ಅವರು ೧೯೬೩ರ ಅಕ್ಟೋಬರ ೨೫ರಂದು ತೀರಿಕೊಂಡರು. ೧೯೬೫ರಲ್ಲಿ ಆ ಅಣೆಕಟ್ಟಿಗೆ ಅವರ ಹೆಸರನ್ನೇ ಇಡಲಾಯಿತು.

ಈಗ ಅಣೆಕಟ್ಟುಗಳ ಒಡಲಲ್ಲಿ ಹೂತಿಟ್ಟ ಸೆನ್ಸರುಗಳು ತಂತಿಯಿಂದಲೋ ನಿಸ್ತಂತುವಾಗಿಯೋ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತವೆ. ಅವು ಮುಖ್ಯವಾಗಿ ಹೇಳುವ ಸುದ್ದಿಗಳಲ್ಲಿ ಒಂದು, ಟರ್ಜಾಗಿಯವರು ಬೆನ್ನು ಹತ್ತಿದ ಅದೇ ಸಂದಿನ ನೀರಿನ ಒತ್ತಡ. ನಮ್ಮ ಕಡೆ ಗಿಲಾವಿಗೂ ಬಣ್ಣಕ್ಕೂ ಧಾರಾಳವಾಗಿ ಸುರಿಯುವವರು ಮಣ್ಣಿನ ಪರೀಕ್ಷೆಯೆಂದೊಡನೆ ಕೈ ಬಿಗಿಹಿಡಿಯುತ್ತಾರೆ. ಎರೆ ಮಣ್ಣಿನ ಉಬ್ಬುವ ಒತ್ತಡವನ್ನು ಕಂಡುಹಿಡಿಯುವ ಕ್ರಮವನ್ನು ಭಾರತೀಯ ಮಾನಕ ಸಂಸ್ಥೆಯು ೧೯೭೭ರಲ್ಲಿಯೇ ಗೊತ್ತುಪಡಿಸಿದೆ. ಅದರಲ್ಲಿ ಬಳಸುವುದೂ ಬಳೆಯಂಥ ಪಾತ್ರೆಯೇ; ಇಲ್ಲಿ ಮಾತ್ರ ಮಣ್ಣಿಗೆ ನೀರುಣಿಸಿ, ಅದು ಮೇಲಕ್ಕೆ ಎಷ್ಟು ಬಲದಿಂದ ಒತ್ತುವುದೆಂದು ನೋಡುತ್ತಾರೆ.