ರೋಜರ್ ನೀಡ್‌ಹ್ಯಾಮ್ (1935–2003): ಜೀವನ ಪರಿಚಯ

ಅಂತರ್ಜಾಲದ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ನಮೂದಿಸುವ ಗುಪ್ತಪದವು, ಅಂದರೆ ಪಾಸ್‌ವರ್ಡ್, ಸರಿಯಾಗಿ ರೂಪಿಸಲಾದ ಗಣಕ ವ್ಯವಸ್ಥೆಯಲ್ಲಿ ಇದ್ದ ರೂಪದಲ್ಲಿಯೇ ಸಂಗ್ರಹವಾಗುವುದಿಲ್ಲ. ಈ ಏರ್ಪಾಡಿಗೆ ದಾರಿ ತೋರಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಗಣಕ ವಿಜ್ಞಾನಿ ಪ್ರೊ. ರೋಜರ್ ಮೈಕೆಲ್ ನೀಡ್‌ಹ್ಯಾಮ್ ಅವರು.

1935ರ ಫೆಬ್ರವರಿ 9ರಂದು ಜನಿಸಿದ ಇವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಗಣಿತ ಹಾಗೂ ತತ್ವಶಾಸ್ತ್ರವನ್ನು ವ್ಯಾಸಂಗ ಮಾಡಿ, ಅಲ್ಲಿಯೇ ಡಾಕ್ಟರೇಟ್ ಪದವಿ ಪಡೆದರು. ಇವರ ಪತ್ನಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಅವರೂ ಹೆಸರಾಂತ ಗಣಕ ವಿಜ್ಞಾನಿ. ಅಂತರ್ಜಾಲದ ಶೋಧ ಯಂತ್ರಗಳು ಅವರ ಸಂಶೋಧನೆಗೆ ಋಣಿಯಾಗಿವೆ.

1960ರ ದಶಕದಲ್ಲಿ ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ಪದ್ಧತಿ ಆರಂಭವಾಯಿತು. ಎಲ್ಲರ ಗುಪ್ತಪದಗಳನ್ನು ಒಂದೇ ಕಡತದಲ್ಲಿ ಬರೆದಿಡಲಾಗುತ್ತಿತ್ತು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಒಮ್ಮೆ ಎರಡು ಕಡತಗಳು ಅದಲುಬದಲಾಗಿ, ದಿನದ ಸೂಚನೆ ಮುದ್ರಣವಾಗಬೇಕಾದಲ್ಲಿ ಸಕಲ ಬಳಕೆದಾರರ ಗುಪ್ತಪದಗಳ ಪಟ್ಟಿಯೇ ಮುದ್ರಣಗೊಂಡಿತು. ಬೀಗ ಎಷ್ಟೇ ಭದ್ರವಾಗಿದ್ದರೂ ಬೀಗದ ಕೈಗಳ ಗೊಂಚಲು ಬಾಗಿಲಿಗೇ ನೇತು ಬಿದ್ದಂತಹ ಸ್ಥಿತಿ ಇದು.

ಕೇಂಬ್ರಿಡ್ಜಿನ ಟೈಟನ್ ಗಣಕಯಂತ್ರಕ್ಕಾಗಿ ನೀಡ್‌ಹ್ಯಾಮ್ ಅವರು ಬೇರೊಂದು ಕ್ರಮ ಕೈಗೊಂಡರು. ಮೂಲಕ್ಕೆ ಮರಳಿಸಲು ಅತಿ ಕಷ್ಟವಾದ ಒಂದು ಗಣಿತ ಸೂತ್ರದಿಂದ ಗುಪ್ತಪದವನ್ನು ಪರಿವರ್ತಿಸಿ, ಬಂದ ಫಲವನ್ನು ಮಾತ್ರ ದಾಖಲಿಸುವುದು. ಬಳಕೆದಾರರು ಪುನಃ ಗುಪ್ತಪದ ನಮೂದಿಸಿದಾಗ ಅದೇ ಸೂತ್ರವನ್ನು ಅನ್ವಯಿಸಿ ತಾಳೆ ನೋಡುವುದು. ಕಡತವು ಪರರ ಕೈಸೇರಿದರೂ ಮೂಲ ಗುಪ್ತಪದ ನೇರವಾಗಿ ಲಭ್ಯವಾಗದು. ಮಾರಿಸ್ ವಿಲ್ಕ್ಸ್ ಅವರು 1968ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಇಂತಹ ವ್ಯವಸ್ಥೆಗಳಲ್ಲಿ ಮರೆತುಹೋದ ಗುಪ್ತಪದವನ್ನು ಸಿಬ್ಬಂದಿಯು ತಿಳಿಸಲು ಸಾಧ್ಯವಾಗದೆ, ಹೊಸದನ್ನು ರಚಿಸಿಕೊಳ್ಳುವಂತೆ ಕೋರುವುದಕ್ಕೆ ಇದೇ ಕಾರಣ.

ದೂರದಲ್ಲಿರುವ ಎರಡು ಗಣಕಗಳು ಪರಸ್ಪರ ಗುರುತನ್ನು ಖಚಿತಪಡಿಸಿಕೊಳ್ಳುವ ನಿಯಮಾವಳಿಗಳನ್ನು ಇವರು ಮೈಕೆಲ್ ಶ್ರೋಡರ್ ಅವರೊಡನೆ 1978ರಲ್ಲಿ ಪ್ರಕಟಿಸಿದರು. ಇಂತಹ ನಿಯಮಗಳಲ್ಲಿನ ಸೂಕ್ಷ್ಮ ದೋಷಗಳು ನಿತ್ಯದ ಬಳಕೆಯಲ್ಲಿ ಬೆಳಕಿಗೆ ಬರುವುದಿಲ್ಲವೆಂದು ಆ ಪ್ರಬಂಧದಲ್ಲಿಯೇ ಎಚ್ಚರಿಸಿದ್ದರು. ಎಚ್ಚರಿಕೆ ಅವರ ಕೃತಿಗೇ ಅನ್ವಯಿಸಿತು. ಹಳೆಯ ಕೀಲಿಯೊಂದು ಕಳುವಾದರೆ ಅದನ್ನು ಮತ್ತೆ ಬಳಸಿ ವಂಚಿಸಬಹುದೆಂದು ಡೆನ್ನಿಂಗ್ ಮತ್ತು ಸ್ಯಾಕೊ ಅವರು 1981ರಲ್ಲಿ ತೋರಿಸಿದರು. ನೀಡ್‌ಹ್ಯಾಮ್ ಮತ್ತು ಶ್ರೋಡರ್ ಅವರು 1987ರಲ್ಲಿ ತಿದ್ದುಪಡಿಯನ್ನು ಪ್ರಕಟಿಸಿದರು. ದೋಷಗಳನ್ನು ಕ್ರಮಬದ್ಧವಾಗಿ ಹುಡುಕಲು ಮೈಕೆಲ್ ಬರೋಸ್ ಹಾಗೂ ಮಾರ್ಟಿನ್ ಅಬಾದಿ ಅವರೊಡಗೂಡಿ 1989ರಲ್ಲಿ ಒಂದು ತರ್ಕಪದ್ಧತಿಯನ್ನೇ ರೂಪಿಸಿದರು. ಆದಾಗ್ಯೂ ಅದೇ 1978ರ ಪ್ರಬಂಧದ ಇನ್ನೊಂದು ನಿಯಮಾವಳಿಯಲ್ಲಿ, ಈ ತರ್ಕಪದ್ಧತಿಗೂ ನಿಲುಕದಿದ್ದ ದೋಷವನ್ನು ಗೇವಿನ್ ಲೋವ್ ಅವರು 1995ರಲ್ಲಿ ಪತ್ತೆಹಚ್ಚಿದರು. ಜಮಾ-ಖರ್ಚು ತಾಳೆಯಾದ ಮಾತ್ರಕ್ಕೆ ಲೆಕ್ಕ ನಿರ್ದೋಷವೆನ್ನಲಾಗದು ಎಂಬುದು ಲೆಕ್ಕಪತ್ರ ಬಲ್ಲವರಿಗೆ ಹೊಸತಲ್ಲ. ದೋಷಗಳಿದ್ದರೂ ಈ ಕಾರ್ಯವನ್ನು ಆಧರಿಸಿ ರೂಪುಗೊಂಡ ಕೆರ್ಬೆರೋಸ್ ವ್ಯವಸ್ಥೆಯು ವ್ಯಾಪಕ ಬಳಕೆಗೆ ಬಂದಿತು.

ಇವರು 1980ರಿಂದ 1995ರವರೆಗೆ ಕೇಂಬ್ರಿಡ್ಜ್ ಗಣಕ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದರು. 1985ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. 1997ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಕೇಂಬ್ರಿಡ್ಜಿನಲ್ಲಿ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದಾಗ ಅದರ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು. 2003ರ ಮಾರ್ಚ್ 1ರಂದು ನಿಧನರಾದರು.