ಬೆಳಗುವ ತೆರೆ

ಮೇರಿ ಕ್ಯೂರಿ ಎಂದೊಡನೆ ರೇಡಿಯಂ ನೆನಪಾಗುತ್ತದೆ. 1867ರಲ್ಲಿ ಪೋಲೆಂಡಿನ ವಾರ್ಸಾ ನಗರದಲ್ಲಿ ಜನಿಸಿದ ಆಕೆ, ಪ್ಯಾರಿಸಿನಲ್ಲಿ ವ್ಯಾಸಂಗ ಮಾಡಿ, 1903ರಲ್ಲಿಯೂ 1911ರಲ್ಲಿಯೂ ನೊಬೆಲ್ ಪಾರಿತೋಷಕ ಪಡೆದರು. ಆದರೆ ಯುದ್ಧದ ಗಾಯಾಳುಗಳಿಗಾಗಿ ಆಕೆ ದುಡಿದ ನಾಲ್ಕು ವರ್ಷಗಳು ಅವರ ಸಂಶೋಧನೆಗಳಷ್ಟೇ ಸ್ಮರಣೀಯವೆಂದು ನನ್ನ ಭಾವನೆ.

1914ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯು ಫ್ರಾನ್ಸಿನ ಮೇಲೆ ಯುದ್ಧ ಸಾರಿತು. ಗುಂಡೇಟು ತಿಂದ ಸೈನಿಕರ ಮೈಯಲ್ಲಿ ಲೋಹದ ಚೂರು ಎಲ್ಲಿ ಅಡಗಿದೆಯೆಂದು ತಿಳಿಯದೆ, ಶಸ್ತ್ರವೈದ್ಯರು ಮಾಂಸವನ್ನು ಕೊಯ್ದು ಕೊಯ್ದು ಹುಡುಕಬೇಕಾಗುತ್ತಿತ್ತು. 1895ರಲ್ಲಿಯೇ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಿದ್ದರೂ, ಆ ಯಂತ್ರಗಳು ರಣರಂಗದ ಬಳಿ ವಿರಳವಾಗಿದ್ದವು. ಮೇರಿಯವರು ಸಿರಿವಂತರಿಂದ ಮೋಟಾರು ವಾಹನಗಳನ್ನು ಬೇಡಿ ತಂದು, ಅವುಗಳಲ್ಲಿ ಕ್ಷ-ಕಿರಣದ ಉಪಕರಣವನ್ನು ಅಳವಡಿಸಿದರು. ವಾಹನದ ಎಂಜಿನ್ನೇ ಡೈನಮೊವನ್ನು ತಿರುಗಿಸಿ ವಿದ್ಯುತ್ತನ್ನು ಒದಗಿಸುತ್ತಿತ್ತು. ಇಂತಹ ಸುಮಾರು 20 ವಾಹನಗಳೂ 200 ಕ್ಷ-ಕಿರಣ ಕೇಂದ್ರಗಳೂ ಸಿದ್ಧವಾದವು. ಎರಡು ನೊಬೆಲ್ ಪಡೆದ ವಿದುಷಿ ಅಂಗರಚನಾಶಾಸ್ತ್ರವನ್ನು ಹೊಸದಾಗಿ ಓದಿದರು. ವಾಹನ ಚಾಲನೆಯನ್ನೂ ಕಲಿತರು.

ಕ್ಷ-ಕಿರಣ ಕಣ್ಣಿಗೆ ಕಾಣದು. ಅದು ಬೇರಿಯಂ ಪ್ಲಾಟಿನೊಸಯನೈಡ್ ಎಂಬ ಲವಣವನ್ನು ಲೇಪಿಸಿದ ತೆರೆಯ ಮೇಲೆ ಬಿದ್ದರೆ ಆ ಲವಣ ಹಸುರಾಗಿ ಬೆಳಗುತ್ತದೆ. ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಗಾಯಾಳುವನ್ನು ಕತ್ತಲ ಕೋಣೆಯಲ್ಲಿ ಮಲಗಿಸಿ, ದೇಹವನ್ನು ಹಾದುಬಂದ ಕಿರಣಗಳಿಗೆ ಈ ತೆರೆಯನ್ನು ಒಡ್ಡಿದರೆ, ಮೂಳೆಯ ಮಸುಕು ನೆರಳೂ ಲೋಹದ ಕಪ್ಪು ನೆರಳೂ ಅದರಲ್ಲಿ ಮೂಡುತ್ತಿದ್ದವು. ಕೆಲವು ಶಸ್ತ್ರವೈದ್ಯರು ಆ ನೆರಳನ್ನು ನೋಡುತ್ತಲೇ ಇಕ್ಕಳವನ್ನು ಚೂರಿನೆಡೆಗೆ ನಡೆಸುತ್ತಿದ್ದರು. ಹದಿನೇಳರ ಹರೆಯದ ಮಗಳು ಐರಿನ್ ತಾಯಿಗೆ ಹೆಗಲು ಕೊಟ್ಟಳು. ಸುಮಾರು 150 ಮಂದಿ ಮಹಿಳೆಯರು ಮೇರಿಯವರಿಂದ ಈ ಕೆಲಸದಲ್ಲಿ ತರಬೇತಿ ಪಡೆದರು.

ಇಂದಿನ ಶಸ್ತ್ರವೈದ್ಯರು ಇಂಡೊಸಯನೀನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಸೇರಿಸಿ, ಅದು ಹೊಮ್ಮಿಸುವ ಅವಕೆಂಪು ಬೆಳಕನ್ನು ಕ್ಯಾಮರಾದಿಂದ ಹಿಡಿದು, ಅಂಗಾಂಶದೊಳಗಿನ ರಕ್ತಸಂಚಾರವನ್ನು ಕಾಣುತ್ತಾರೆ. ಇಲ್ಲಿ ಬೆಳಗುವ ವಸ್ತು ದೇಹದೊಳಗೇ ಇರುತ್ತದೆ. ಅದನ್ನು ಬೆಳಗಿಸಲು ಕ್ಷ-ಕಿರಣ ಬೇಕಿಲ್ಲ. ಮೇರಿಯವರ ತೆರೆಗಾದರೋ ಕ್ಷ-ಕಿರಣವೇ ಬೇಕಾಗಿತ್ತು. ಗಾಯಾಳು ಕೆಲವು ನಿಮಿಷ ಮಾತ್ರ ಅದಕ್ಕೆ ಮೈಯೊಡ್ಡಿದರೆ, ತೆರೆಯ ಬಳಿ ನಿಂತವರು ದಿನವೆಲ್ಲ ಒಡ್ಡುತ್ತಿದ್ದರು. ಆಗಿನ ರಕ್ಷಣೆಯ ಸಾಧನಗಳು ತೀರ ಅಲ್ಪವಾಗಿದ್ದವು.

ಮೇರಿಯವರು 1934ರ ಜುಲೈ 4ರಂದು ರಕ್ತಸಂಬಂಧವಾದ ವ್ಯಾಧಿಯಿಂದ ತೀರಿಕೊಂಡರು. ರೇಡಿಯಮ್ಮೇ ಅದಕ್ಕೆ ಕಾರಣವೆಂದು ಲೋಕ ಬಹುಕಾಲ ನಂಬಿತ್ತು. 1995ರಲ್ಲಿ ಆಕೆಯ ಅವಶೇಷಗಳನ್ನು ಪ್ಯಾರಿಸಿನ ಪ್ಯಾಂಥಿಯನ್ ಸ್ಮಾರಕಕ್ಕೆ ಸಾಗಿಸುವಾಗ, ಶವಪೆಟ್ಟಿಗೆಯಲ್ಲಿ ರೇಡಿಯಮ್ಮಿನ ಅಂಶ ನಿರೀಕ್ಷೆಗಿಂತ ಕಡಿಮೆಯಿದ್ದುದು ಕಂಡುಬಂದಿತು. ಯುದ್ಧಕಾಲದ ಕ್ಷ-ಕಿರಣಗಳೇ ಕಾರಣವಾಗಿದ್ದಿರಬಹುದೆಂದು ಪರೀಕ್ಷಿಸಿದ ತಜ್ಞರು ಅಭಿಪ್ರಾಯಪಟ್ಟರು.