ಥಾಮಸ್ ಪೇನ್: ಶತ್ರುವಿಗೂ ಹಕ್ಕಿದೆ ಎಂದವನು

ಸಿವಿಲ್ ಬ್ರಾಂಚಿನ ಗೆಳೆಯರಿಗೆ ಮೊದಲು ಒಂದು ಪ್ರಶ್ನೆ. ಚಳಿಗಾಲದಲ್ಲಿ ದೊಡ್ಡ ದೊಡ್ಡ ಮಂಜುಗಡ್ಡೆಗಳು ತೇಲಿ ಬರುವ ನದಿಗೆ ಸೇತುವೆ ಕಟ್ಟಬೇಕು. ನಡುವೆ ಕಂಬ ನಿಲ್ಲಿಸಿದ್ರೆ ಮಂಜುಗಡ್ಡೆ ಬಂದು ಗುದ್ದುತ್ತೆ. ಏನು ಮಾಡ್ತೀರಿ? 1780ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಒಬ್ಬನ ಉತ್ತರ ಹೀಗಿತ್ತು: ಕಂಬವೇ ಬೇಡ, ದಡದಿಂದ ದಡಕ್ಕೆ ಕಬ್ಬಿಣದ ಒಂದೇ ಕಮಾನು ಸಾಕು, ಉದ್ದ 400 ಅಡಿ. ಅವನು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಆದ್ರೆ ಆ ಹೊತ್ತಿಗಾಗಲೇ ಅವನ ಪುಟ್ಟ ಪುಸ್ತಕವೊಂದು ಒಂದು ದೇಶ ಹುಟ್ಟೋದಕ್ಕೆ ನೆರವಾಗಿತ್ತು. ಅವನೇ ಥಾಮಸ್ ಪೇನ್.

ಪೇನ್ ಹುಟ್ಟಿದ್ದು 1737ರಲ್ಲಿ, ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಊರಿನಲ್ಲಿ. ಅಪ್ಪ ಹೆಂಗಸರ ಕಾರ್ಸೆಟ್ ಹೊಲಿಯುತ್ತಿದ್ದರು. ಹದಿಮೂರರ ಆಸುಪಾಸಿನಲ್ಲೇ ಶಾಲೆ ಬಿಟ್ಟು ಮಗನೂ ಅದೇ ಕೆಲಸಕ್ಕೆ ಕೂತ. ಮುಂದೆ ಅಬಕಾರಿ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ಸಂಬಳ ಸಾಲದು ಅಂತ ಎಲ್ಲ ನೌಕರರ ಪರವಾಗಿ ಮನವಿ ಬರೆದ. ಸಂಬಳ ಏರಲಿಲ್ಲ. 1774ರಲ್ಲಿ ಕೆಲಸವೇ ಹೋಯ್ತು. ಲಂಡನ್ನಿನಲ್ಲಿ ಪರಿಚಯವಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಶಿಫಾರಸು ಪತ್ರ ಹಿಡಿದುಕೊಂಡು ಅದೇ ವರ್ಷ ಅಮೆರಿಕಕ್ಕೆ ಹಡಗು ಹತ್ತಿದ.

ಆಗ ಅಮೆರಿಕದ 13 ವಸಾಹತುಗಳು ಬ್ರಿಟಿಷ್ ದೊರೆಯ ಕೈಕೆಳಗಿದ್ದವು. ತೆರಿಗೆ ಬಗ್ಗೆ ಜಗಳ ಜೋರಾಗಿತ್ತು, ಆದ್ರೂ ದೊರೆಯೇ ಬೇಡ ಅನ್ನೋ ಧೈರ್ಯ ಬಹಳ ಜನಕ್ಕೆ ಇರಲಿಲ್ಲ. 1776ರ ಜನವರಿಯಲ್ಲಿ ಪೇನ್ ‘ಕಾಮನ್ ಸೆನ್ಸ್’ ಎಂಬ ಕಿರುಪುಸ್ತಕ ತಂದ. ಅದರಲ್ಲಿ ಅವನ ಹೆಸರು ಕೂಡ ಇರಲಿಲ್ಲ. ರಾಜನ ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ಒಬ್ಬನಿಗೆ ಆಳುವ ಯೋಗ್ಯತೆ ಹೇಗೆ ಬರುತ್ತೆ? ಒಂದು ದ್ವೀಪ ಇಡೀ ಖಂಡವನ್ನು ಆಳೋದು ಯಾವ ನ್ಯಾಯ? ಲಾಕ್, ರೂಸೋ ಮೊದಲಾದವರು ಪಂಡಿತರಿಗಾಗಿ ಬರೆದಿದ್ದ ವಿಚಾರಗಳಿಗೆ ಹತ್ತಿರದ ಮಾತನ್ನೇ ಪೇನ್ ಬಡಗಿಗೂ ರೈತನಿಗೂ ತಿಳಿಯುವ ಹಾಗೆ ಹೇಳಿದ. ಅದೇ ಜುಲೈನಲ್ಲಿ ಅಮೆರಿಕ ಸ್ವಾತಂತ್ರ್ಯ ಘೋಷಿಸಿತು.

ಯುದ್ಧ ಮುಗಿದ ಮೇಲೆ ತಲೆ ಹೊಕ್ಕಿದ್ದೇ ಆ ಸೇತುವೆ. ಅದರ ಮಾಡೆಲ್ ಹಿಡಿದು ಯುರೋಪಿಗೆ ಹೋದ. 1788ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತು. 110 ಅಡಿಯ ಪ್ರಾಯೋಗಿಕ ಕಮಾನೊಂದನ್ನು ಲಂಡನ್ನಿನಲ್ಲಿ ನಿಲ್ಲಿಸಿ ಜನಕ್ಕೆ ತೋರಿಸಿದ್ದೂ ಆಯ್ತು. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಶುರುವಾಗಿತ್ತು. ಅದನ್ನು ಖಂಡಿಸಿ ಎಡ್ಮಂಡ್ ಬರ್ಕ್ ಬರೆದ ಪುಸ್ತಕಕ್ಕೆ ಉತ್ತರವಾಗಿ ಪೇನ್ ‘ರೈಟ್ಸ್ ಆಫ್ ಮ್ಯಾನ್’ ಬರೆದ. ಹಕ್ಕು ಅನ್ನೋದು ಸರ್ಕಾರ ಕೊಡುವ ಭಿಕ್ಷೆ ಅಲ್ಲ, ಮನುಷ್ಯ ಹುಟ್ಟುವಾಗಲೇ ತರೋದು ಅನ್ನೋದು ಅದರ ತಿರುಳು. ಬರೀ ಭಾಷಣ ಅಲ್ಲ, 1792ರ ಎರಡನೇ ಭಾಗದಲ್ಲಿ ಲೆಕ್ಕವೂ ಇದೆ. 50 ದಾಟಿದ ಬಡವರಿಗೆ ವರ್ಷಕ್ಕೆ 6 ಪೌಂಡ್, 60 ದಾಟಿದರೆ 10 ಪೌಂಡ್, ಬಡ ಮನೆಯ ಪ್ರತಿ ಮಗುವಿಗೆ 4 ಪೌಂಡ್. ದುಡ್ಡು ಎಲ್ಲಿಂದ ಬರಬೇಕು ಅಂತಲೂ ತೋರಿಸಿದ್ದಾನೆ. ಇಂಗ್ಲೆಂಡ್ ಸರ್ಕಾರ ಕೇಸು ಹಾಕಿತು. ತೀರ್ಪು ಬರೋ ಮೊದಲೇ ಪೇನ್ ಫ್ರಾನ್ಸಿಗೆ ದಾಟಿದ್ದ. ಅಲ್ಲಿನ ಜನ ಅವನನ್ನು ತಮ್ಮ ರಾಷ್ಟ್ರೀಯ ಸಭೆಗೆ ಆರಿಸಿಬಿಟ್ಟಿದ್ದರು.

ನಿಜವಾದ ಪರೀಕ್ಷೆ ಎದುರಾದದ್ದು ಅಲ್ಲೇ. 1793ರ ಜನವರಿಯಲ್ಲಿ ಸಭೆಯ ಮುಂದೆ ಇದ್ದ ಪ್ರಶ್ನೆ: ಪದಚ್ಯುತ ರಾಜ 16ನೇ ಲೂಯಿಯನ್ನು ಕೊಲ್ಲಬೇಕೋ ಬೇಡವೋ? ಜೀವನವಿಡೀ ರಾಜರನ್ನು ವಿರೋಧಿಸಿದವನು ಬೇಡ ಅಂದ. ರಾಜತ್ವ ಹೋಗಲಿ, ಆದರೆ ಕಿರೀಟ ತೆಗೆದ ಮೇಲೆ ಉಳಿಯೋನು ಒಬ್ಬ ಮನುಷ್ಯ. ಅವನನ್ನು ಅಮೆರಿಕಕ್ಕೆ ಗಡೀಪಾರು ಮಾಡಿ ಅನ್ನೋದು ಅವನ ವಾದ. ಪೇನ್‌ಗೆ ಫ್ರೆಂಚ್ ಸರಿಯಾಗಿ ಬರುತ್ತಿರಲಿಲ್ಲ. ಅವನು ವೇದಿಕೆ ಮೇಲೆ ಸುಮ್ಮನೆ ನಿಂತಿದ್ದ, ಇನ್ನೊಬ್ಬರು ಅನುವಾದ ಓದುತ್ತಿದ್ದರು. ಮರಾ ಎಂಬ ಕ್ರಾಂತಿಕಾರಿ ನಾಯಕ ಎದ್ದು ಕೂಗಾಡಿದ. ವಾದ ಸೋತಿತು. ಜನವರಿ 21ರಂದು ಲೂಯಿಯ ತಲೆ ಉರುಳಿತು.

ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಪೇನ್‌ನನ್ನೇ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಸೆರೆಮನೆಗೆ ಹಾಕಿದರು. ಸಾಯಬೇಕಾದವರ ಕೋಣೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಪೇನ್ ಮುಂದೆ ಬರೆದುಕೊಂಡಂತೆ, ಗುರುತು ಹಾಕುವಾಗ ಅವನ ಬಾಗಿಲು ಹೊರಗಡೆ ಪೂರ್ತಿ ತೆರೆದು ಗೋಡೆಗೆ ಒರಗಿತ್ತು. ಗುರುತು ಬಿದ್ದದ್ದು ಬಾಗಿಲಿನ ಒಳಮೈಗೆ. ರಾತ್ರಿ ಬಾಗಿಲು ಮುಚ್ಚಿದಾಗ ಅದು ಒಳಗೆ ಉಳಿಯಿತು, ಜೀವವೂ ಉಳಿಯಿತು. ಬಿಡುಗಡೆ ಆಗಿದ್ದು 1794ರ ನವೆಂಬರಿನಲ್ಲಿ.

ಆಮೇಲೂ ಅವನು ಸುಮ್ಮನಾಗಲಿಲ್ಲ. ‘ಏಜ್ ಆಫ್ ರೀಸನ್’ ಪುಸ್ತಕದಲ್ಲಿ ದೇವರನ್ನು ನಂಬುತ್ತಲೇ ಚರ್ಚುಗಳ ಅಧಿಕಾರವನ್ನು ಪ್ರಶ್ನಿಸಿದ. 1802ರಲ್ಲಿ ಅಮೆರಿಕಕ್ಕೆ ಮರಳಿದಾಗ ಹಳೆಯ ಗೆಳೆಯರೇ ಎಷ್ಟೋ ಜನ ಮುಖ ತಿರುಗಿಸಿದರು. 1806ರಲ್ಲಿ ನೀನು ಈ ದೇಶದ ಪ್ರಜೆಯೇ ಅಲ್ಲ ಅಂತ ಹೇಳಿ ಅವನಿಗೆ ವೋಟು ಹಾಕೋಕೂ ಬಿಡಲಿಲ್ಲ. 1809ರ ಜೂನ್ 8ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಮಣ್ಣಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಪುಸ್ತಕಗಳು ಮಾತ್ರ ಸಾಯಲಿಲ್ಲ. ಹಲವು ದಶಕಗಳಾದ ಮೇಲೆ ಪುಣೆಯಲ್ಲಿ ಯುವಕ ಜ್ಯೋತಿಬಾ ಫುಲೆ ‘ರೈಟ್ಸ್ ಆಫ್ ಮ್ಯಾನ್’ ಓದಿದರು. ಮುಂದೆ ಅವರೂ ಸಾವಿತ್ರಿಬಾಯಿಯವರೂ ಸೇರಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು ನಮಗೆಲ್ಲ ಗೊತ್ತು.

ನಮಗೆ ಇಷ್ಟವಾದವರ ಹಕ್ಕಿಗಾಗಿ ಕೂಗೋದು ಸುಲಭ. ಅದಕ್ಕೆ ವಿಚಾರಶಕ್ತಿಯೇ ಬೇಕಿಲ್ಲ, ಗುಂಪು ಸಾಕು. ನಮಗೆ ಆಗದವನ ಹಕ್ಕಿಗಾಗಿ, ನಮ್ಮದೇ ಗುಂಪಿನ ಎದುರು ನಿಂತು ಮಾತಾಡೋದು ಕಷ್ಟ. ಪೇನ್ ಅದನ್ನು ಮಾಡಿದ. ಎಲ್ಲರೂ ಒಟ್ಟಾಗಿ ಒಬ್ಬನ ಮೇಲೆ ಬೀಳುವಾಗ, ಅದು ತರಗತಿಯಲ್ಲಿರಲಿ, ವಾಟ್ಸಾಪ್ ಗ್ರೂಪಿನಲ್ಲಿರಲಿ, ನಾವು ಯಾವ ಕಡೆ ನಿಲ್ತೀವಿ?